ಮಕ್ಕಳಿಲ್ಲದವಳ ಐವರು ಮಕ್ಕಳು

ಆ ಪೆಟ್ಟಿಗೆಯ ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಅದು ಸುಳ್ಳು. ತೆರೆಯುತ್ತಿತ್ತು. ಹಿಡಿಯ ಒಂದು ಸ್ಕ್ರೂ ಸಡಿಲವಾಗಿತ್ತು, ಸ್ವಲ್ಪ ಮೇಲಕ್ಕೆತ್ತಿ ಎಳೆದರೆ ಬಾಗಿಲು ಬರುತ್ತಿತ್ತು. ಆದರೆ ಕೆಂಪು ಬಲ್ಬು ಉರಿಯುವಾಗ ತೆರೆಯಬಾರದು, ಬೆಳಿಗ್ಗೆ ಹತ್ತರಿಂದ ಒಂದು ಗಂಟೆಯವರೆಗೆ ಬಲ್ಬು ಉರಿಯುತ್ತಲೇ ಇರುತ್ತಿತ್ತು. ಆಮೇಲೆ ಯಾವಾಗಲೋ ನನ್ನ ನೆನಪು ಆ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿಬಿಟ್ಟಿದೆ. ಮುಂದೆ ಹೇಳುವುದನ್ನು ಎಷ್ಟು ನಂಬಬೇಕೆಂದು ಇದರಿಂದಲೇ ಅಂದಾಜು ಮಾಡಿಕೊಳ್ಳಬಹುದು.

ಪೆಟ್ಟಿಗೆ ಎಂದರೆ ಧ್ವನಿಮುದ್ರಣದ ಕೋಣೆ. ರಾಜಾಜಿನಗರದ ಒಂದು ಹಿಂದಿನ ರಸ್ತೆಯಲ್ಲಿ, ಕೆಳಗೆ ಅಗರಬತ್ತಿಯ ಗೋದಾಮು, ಮೇಲೆ ಎರಡು ಕೋಣೆ. ಒಳಗಿನ ಕೋಣೆಯಲ್ಲಿ ಪ್ಲೈವುಡ್‌ನಿಂದ ಇನ್ನೊಂದು ಪುಟ್ಟ ಕೋಣೆ ಕಟ್ಟಿದ್ದರು. ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತಿದ್ದವು. ಗೋಡೆಗೆ ಬೂದು ಸ್ಪಂಜು. ಮೈಕಿಗೆ ಸದ್ದು ಬೀಳುತ್ತದೆಂದು ಫ್ಯಾನ್ ಇರಲಿಲ್ಲ. ಒಂದು ಮೈಕು, ಒಂದು ಪುಸ್ತಕದ ಸ್ಟ್ಯಾಂಡು, ಒಂದು ಸ್ಟೂಲು, ಮಲ್ಲಿಗೆ ಮತ್ತು ಚಂದನದ ವಾಸನೆ. ಎದುರಿಗೆ ಗಾಜು. ಗಾಜಿನಾಚೆ ಕಂಪ್ಯೂಟರಿನ ಮುಂದೆ ಒಬ್ಬ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಅವರ ಮುಂದೆಯೂ ಅದೇ ಪುಸ್ತಕ. ನಾನು ಓದಿದಂತೆ ಅವರ ಬೆರಳು ಸಾಲಿನ ಕೆಳಗೆ ಸರಿಯುತ್ತಿತ್ತು. ಬೆರಳು ನಿಂತರೆ ನಾನು ತಪ್ಪಿದ್ದೇನೆ ಎಂದರ್ಥ.

ನಾವು ಮುದ್ರಿಸುತ್ತಿದ್ದುದು ಹೀಬ್ರೂ ಧರ್ಮಗ್ರಂಥವನ್ನು, ಮೇಷ್ಟ್ರ ಮಾತಿನಲ್ಲಿ ಹಳೆಯ ಒಡಂಬಡಿಕೆಯನ್ನು, ಕನ್ನಡದಲ್ಲಿ, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ. ಕಣ್ಣು ಕಾಣದವರು, ಓದಲು ಬಾರದ ಮುದುಕರು ಕೇಳಲಿ ಎಂದು. ಮೇಷ್ಟ್ರು ಕ್ರೈಸ್ತರು, ನಾನಲ್ಲ. ನಾನು ಕುರುಬರಹಳ್ಳಿಯ ಹಳೆಯ ಒಕ್ಕಲು ಮನೆಯವನು. ಹವ್ಯಾಸಿ ನಾಟಕ ಮಾಡಿಕೊಂಡು, ಆಸ್ಪತ್ರೆಯ ಟೋಕನ್ ಯಂತ್ರಕ್ಕೂ ಗ್ಯಾಸ್ ಏಜೆನ್ಸಿಯ ಫೋನಿಗೂ ಧ್ವನಿ ಕೊಟ್ಟುಕೊಂಡು ಇದ್ದವನು. ಉಚ್ಚಾರ ಚೆನ್ನಾಗಿದೆ ಎಂದು ಕರೆದರು. ಒಂದೇ ಒಂದು ಷರತ್ತು ಹಾಕಿದರು: ಪುಸ್ತಕದಲ್ಲಿ ಇರುವುದನ್ನು ಇರುವ ಹಾಗೆಯೇ ಓದಬೇಕು. ಒಂದು ಅಕ್ಷರ ಸೇರಬಾರದು, ಒಂದು ಅಕ್ಷರ ಬಿಡಬಾರದು.

ಎರಡನೆಯ ದಿನವೇ ನಾನು ತಡವರಿಸಿದೆ.

“ಮೇಷ್ಟ್ರೇ, ನಿನ್ನೆ ಪ್ರಾಣಿಗಳೆಲ್ಲ ಮೊದಲು ಬಂದ್ವು, ಮನುಷ್ಯ ಆಮೇಲೆ. ಇವತ್ತಿನ ಪುಟದಲ್ಲಿ ಮನುಷ್ಯ ಮೊದಲು, ಪ್ರಾಣಿ ಆಮೇಲೆ. ಯಾವುದು ಸರಿ?”

“ಎರಡೂ ಓದಪ್ಪ.”

“ಕೇಳೋರಿಗೆ ಗೊಂದಲ ಆಗಲ್ವಾ?”

“ನನ್ನ ಸರ್ವೀಸಲ್ಲಿ ಮೂವತ್ತು ವರ್ಷ ಮಕ್ಕಳು ಗೊಂದಲ ಮಾಡ್ಕೊಂಡ್ರು, ಯಾರೂ ಸತ್ತಿಲ್ಲ. ನೀನು ಓದೋನು ಕಣಯ್ಯ, ಜಡ್ಜ್ ಅಲ್ಲ. ಬಲ್ಬು ನೋಡ್ಕೊ.”

ಆಮೇಲೆ ತಿಳಿಯಿತು, ಇಂಥವುಗಳ ಒಂದು ಪಟ್ಟಿಯನ್ನೇ ಅವರು ಇಟ್ಟುಕೊಂಡಿದ್ದರು. ಶಾಲೆಯ ಉತ್ತರ ಪತ್ರಿಕೆಯ ಉಳಿದ ಹಾಳೆಗಳನ್ನು ಹೊಲಿದು ಮಾಡಿದ ಪುಸ್ತಕ, ಮೇಲೆ ‘ಜಗಳದ ವಚನಗಳು’ ಎಂದು ದುಂಡಗೆ ಬರೆದಿತ್ತು. ನಾವೆಗೆ ಹತ್ತಿದ ಪ್ರಾಣಿಗಳು ಒಂದು ಕಡೆ ಎರಡೆರಡು, ಇನ್ನೊಂದು ಕಡೆ ಶುದ್ಧವಾದವು ಏಳೇಳು. ಮೊದಲ ರಾಜನನ್ನು ಗದ್ದುಗೆಗೆ ಏರಿಸಿದ್ದಕ್ಕೆ ದೇವರು ಮರುಗಿದ; ಅದೇ ಅಧ್ಯಾಯದಲ್ಲಿ, ದೇವರು ಮನುಷ್ಯರ ಹಾಗೆ ಮರುಗುವವನಲ್ಲ; ಅಧ್ಯಾಯ ಮುಗಿಯುವಾಗ ಮತ್ತೆ ಮರುಗಿದ. ತಂದೆಯ ಪಾಪ ಮಕ್ಕಳ ಮೇಲೆ ಬರುತ್ತದೆ. ತಂದೆಯ ಪಾಪವನ್ನು ಮಗ ಹೊರುವುದಿಲ್ಲ. ಜನಗಣತಿ ಮಾಡಿಸೆಂದು ರಾಜನ ಕಿವಿಯಲ್ಲಿ ಊದಿದವನು ಒಂದು ಪುಸ್ತಕದಲ್ಲಿ ದೇವರು, ಇನ್ನೊಂದರಲ್ಲಿ ಸೈತಾನ. ಪ್ರತಿಯೊಂದರ ಪಕ್ಕದಲ್ಲೂ ದೊಡ್ಡವರು ಕೊಟ್ಟ ಸಮಾಧಾನಗಳನ್ನು ಮೇಷ್ಟ್ರು ಪೆನ್ಸಿಲ್ಲಿನಲ್ಲಿ ಬರೆದಿದ್ದರು. ಯಾವುದಕ್ಕೂ ಸರಿ ಗುರುತು ಹಾಕಿರಲಿಲ್ಲ. ಉತ್ತರ ಪತ್ರಿಕೆಯ ಹಾಳೆ, ಪೆನ್ಸಿಲ್ಲು, ಮೇಷ್ಟ್ರು, ಆದರೂ ಸರಿ ಗುರುತಿಲ್ಲ. ಅದು ನನ್ನನ್ನು ಕೆರಳಿಸುತ್ತಿತ್ತು.

ಕೆರಳಲು ಕಾರಣ ಮನೆಯಲ್ಲಿತ್ತು.

ನಾನು ಅಮ್ಮ ಎಂದು ಕರೆಯುವುದು ನನ್ನ ದೊಡ್ಡಮ್ಮನನ್ನು. ಹೆತ್ತವಳನ್ನು ಚಿಕ್ಕಮ್ಮ ಎನ್ನುತ್ತೇನೆ. ಬುದ್ಧಿ ಬಂದಾಗಿನಿಂದ ಹಾಗೆಯೇ, ಯಾರೂ ಹೇಳಿಕೊಟ್ಟದ್ದಲ್ಲ. ಅಮ್ಮ ಮದುವೆಯಾದ ಎರಡನೆಯ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಕುರುಬರಹಳ್ಳಿಯ ತವರಿಗೆ ವಾಪಸು ಬಂದವಳು. ಅವಳ ತಂಗಿ ಚಿಕ್ಕಮ್ಮನನ್ನು ಕೆಂಗೇರಿಗೆ ಕೊಟ್ಟಿದ್ದರು. ಚಿಕ್ಕಮ್ಮನ ಮೂವರು ಮಕ್ಕಳಲ್ಲಿ ನಾನು ಮೊದಲನೆಯವನು, ಬೆಳೆದದ್ದು ಅಮ್ಮನ ಹತ್ತಿರ. ಹೇಗೆ ಬಂದೆ ಎಂಬುದಕ್ಕೆ ಎರಡು ಪಾಠಗಳಿವೆ.

ಅಮ್ಮನದು: “ನಿನ್ನ ತಮ್ಮ ಹೊಟ್ಟೇಲಿದ್ದಾಗ ಅವಳೇ ತಂದು ಕೊಟ್ಲು. ಅಕ್ಕಾ, ಇವನು ನಿಂದೇ ಅಂದ್ಲು.”

ಚಿಕ್ಕಮ್ಮನದು: “ಕೊಡ್ಲಿಲ್ಲ ಕಣೋ. ಹೆರಿಗೆ ಆಗೋವರ್ಗೂ ಬಿಟ್ಟಿದ್ದೆ ಅಷ್ಟೆ. ಆಮೇಲೆ ಕರ್ಕೊಂಡೋಗಕ್ಕೆ ಬಂದ್ರೆ ನೀನು ಅವಳ ಸೆರಗು ಬಿಡ್ಲಿಲ್ಲ.”

ನನಗೆ ನೆನಪಿರುವುದು ಬೇರೆಯೇ. ಹಸಿರು ಬಣ್ಣದ ಕಿಟಕಿ ಗ್ರಿಲ್ಲು, ಅದರ ತಣ್ಣಗಿನ ಕಬ್ಬಿಣ ನನ್ನ ಹಣೆಗೆ ಒತ್ತಿಕೊಂಡಿದೆ, ಹೊರಗೆ ಒಂದು ಆಟೋ ತಿರುವಿನಲ್ಲಿ ಮರೆಯಾಗುತ್ತಿದೆ. ಬಹಳ ವರ್ಷ ಇದನ್ನೇ ನಂಬಿದ್ದೆ. ಆದರೆ ಆ ಕಿಟಕಿಗೆ ಗ್ರಿಲ್ ಹಾಕಿಸಿದ್ದು ನಾನು ನಾಲ್ಕನೆಯ ಕ್ಲಾಸಿನಲ್ಲಿದ್ದಾಗ, ವೆಲ್ಡಿಂಗ್ ಮಾಡುವಾಗ ನೋಡಬೇಡ ಎಂದರೂ ನೋಡಿ ಎರಡು ದಿನ ಕಣ್ಣು ಬಾತುಕೊಂಡಿತ್ತು. ಒಂದೂವರೆ ವರ್ಷದ ಮಗುವಿನ ಹಣೆಗೆ ಆ ಗ್ರಿಲ್ ಹೇಗೆ ತಾಗುತ್ತದೆ? ಆದರೂ ಈಗಲೂ ಹಣೆ ತಣ್ಣಗಾಗುತ್ತದೆ.

ದತ್ತು, ಕಾಗದ ಏನೂ ಆಗಲಿಲ್ಲ. ಅಕ್ಕತಂಗಿಯರ ನಡುವೆ ಯಾರು ಕಾಗದ ಮಾಡುತ್ತಾರೆ? ಇದ್ದದ್ದು ಒಂದೇ ಕಡೆ, ಶಾಲೆಯಲ್ಲಿ. ಒಂದನೆಯ ಕ್ಲಾಸಿಗೆ ಸೇರಿಸಲು ನನ್ನನ್ನು ಕರೆದುಕೊಂಡು ಹೋದವಳು ಅಮ್ಮ. ತಂದೆಯ ಹೆಸರಿನ ಜಾಗದಲ್ಲಿ ಕೆಂಗೇರಿಯ ನನ್ನ ತಂದೆಯ ಹೆಸರು ಬಂತು. ತಾಯಿಯ ಹೆಸರಿನ ಜಾಗದಲ್ಲಿ ಅಮ್ಮನ ಹೆಸರು ಬಂತು. ಅಲ್ಲಿಂದ ಅದು ಹತ್ತನೆಯ ಕ್ಲಾಸಿನ ಅಂಕಪಟ್ಟಿಯವರೆಗೂ ಹಾಗೆಯೇ ಇಳಿದುಕೊಂಡು ಬಂತು. ಜನನ ಪ್ರಮಾಣಪತ್ರದಲ್ಲಿ ಮಾತ್ರ ಚಿಕ್ಕಮ್ಮನ ಹೆಸರು. ಮೂವತ್ತು ವರ್ಷ ಆ ಎರಡು ಕಾಗದಗಳು ಒಂದೇ ಬೀರುವಿನಲ್ಲಿ, ಒಂದೇ ಪ್ಲಾಸ್ಟಿಕ್ ಕವರಿನಲ್ಲಿ, ಜಗಳವಿಲ್ಲದೆ ಇದ್ದವು.

ಮಾವ ಬಂದು ಜಗಳ ಎಬ್ಬಿಸಿದ. ಅಮ್ಮನ ತಮ್ಮ. ತಾತನ ಹೆಸರಿನಲ್ಲೇ ಉಳಿದುಬಿಟ್ಟಿದ್ದ ಮನೆಯ ಖಾತೆಯನ್ನು ಬದಲಿಸಬೇಕು, ಅದಕ್ಕೆ ವಂಶವೃಕ್ಷ ಬೇಕು ಎಂದ. ವಂಶವೃಕ್ಷ ಎಂದರೆ ಗ್ರಾಮ ಲೆಕ್ಕಿಗರು ಬರೆದುಕೊಡುವ ಕುಟುಂಬದ ಪಟ್ಟಿ. ಮೇಲೆ ತಾತ, ಕೆಳಗೆ ಮೂರು ಕೊಂಬೆ: ಅಮ್ಮ, ಮಾವ, ಚಿಕ್ಕಮ್ಮ. ಒಬ್ಬೊಬ್ಬರ ಕೆಳಗೂ ಅವರವರ ಮಕ್ಕಳು. ಕುರುಬರಹಳ್ಳಿಯಲ್ಲಿ ಈಗ ಹಳ್ಳಿ ಇಲ್ಲ, ಹೊಲವಿದ್ದ ಕಡೆ ಮೂರಂತಸ್ತಿನ ಬಾಡಿಗೆ ಮನೆಗಳಿವೆ. ಆದರೆ ನಾವು ಯಾರ ಮಕ್ಕಳು ಎಂದು ತೀರ್ಮಾನಿಸುವವರು ಇನ್ನೂ ಗ್ರಾಮ ಲೆಕ್ಕಿಗರೇ.

ಅವರಿಗೆ ನನಗಿಂತ ಚಿಕ್ಕ ವಯಸ್ಸು. ಒಳ್ಳೆಯ ಮನುಷ್ಯ. ನನ್ನ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು, ಸ್ವಲ್ಪ ಹೊತ್ತು ನೋಡಿ, ಕೆಟ್ಟ ಉದ್ದೇಶವೇನೂ ಇಲ್ಲದೆ ಕೇಳಿದರು.

“ಸಾರ್, ಇಲ್ಲಿ ತಾಯಿ ಒಬ್ರು, ಇಲ್ಲಿ ತಾಯಿ ಇನ್ನೊಬ್ರು. ತಂದೆ ಮಾತ್ರ ಒಬ್ರೇ. ನಿಮ್ ತಂದೆಗೆ ಇಬ್ರು ಹೆಂಡ್ತೀರಾ?”

“ಏನ್ರೀ ಮಾತಾಡ್ತೀರಾ!” ಎಂದು ಮಾವ ಎದ್ದು ನಿಂತ. “ನಮ್ಮಕ್ಕ ಅವ್ರು! ಗಂಡ ಸತ್ತು ತವರಿಗೆ ಬಂದು ಐವತ್ತು ವರ್ಷ ಆಯ್ತು!”

“ಸಿಟ್ಟಾಗ್ಬೇಡಿ ಸಾರ್. ನಾನು ಅಂದಿದ್ದಲ್ಲ, ನಿಮ್ ಕಾಗದ ಅಂತಿರೋದು. ಒಬ್ಬ ಮನುಷ್ಯನ್ನ ಎರಡು ಕೊಂಬೇಲಿ ಕೂರ್ಸಕ್ಕಾಗಲ್ಲ. ಯಾವುದೋ ಒಂದು ತಪ್ಪು ಅಂತ ಅಫಿಡವಿಟ್ ಮಾಡ್ಸ್ಕೊಂಡು ಬನ್ನಿ.”

ಅಷ್ಟೇ. ನಾನು ಆಣೆ ಮಾಡಿ ಒಂದನ್ನು ತಪ್ಪು ಎನ್ನಬೇಕು. ಯಾವುದನ್ನು ಎನ್ನಬೇಕು ಎಂಬುದರಲ್ಲಿ ಸಂಶಯವೇ ಇರಲಿಲ್ಲ, ಹೆತ್ತವಳು ಹೆತ್ತವಳೇ. ಆದರೆ ಹಾಗೆ ಅಂದರೆ ಈ ಲೋಕದ ಯಾವ ಕಾಗದದಲ್ಲೂ ಅಮ್ಮ ಯಾರಿಗೂ ತಾಯಿ ಎಂದು ಉಳಿಯುವುದಿಲ್ಲ. ಇದ್ದ ಒಂದನ್ನು ಅಳಿಸುವ ಕೈ ನನ್ನದೇ ಆಗಬೇಕು.

ಆ ವಾರ ಪೆಟ್ಟಿಗೆಯಲ್ಲಿ ನಾನು ರಾಜನ ಮಗಳ ಕಥೆ ಓದುತ್ತಿದ್ದೆ. ಅದೇ ವಾರವೇ? ನನ್ನ ನೆನಪು ಅದೇ ವಾರ ಎನ್ನುತ್ತದೆ, ನೆನಪಿಗೆ ಇಂಥ ಜೋಡಿಗಳು ಇಷ್ಟ. ಹೆಚ್ಚೆಂದರೆ ಹತ್ತು ದಿನ ಹಿಂದೆಮುಂದೆ ಇರಬಹುದು.

ಮೊದಲ ರಾಜನಿಗೆ ಇಬ್ಬರು ಹೆಣ್ಣುಮಕ್ಕಳು. ಕಿರಿಯವಳು ಒಬ್ಬ ವೀರನನ್ನು ಪ್ರೀತಿಸಿ ಮದುವೆಯಾಗುತ್ತಾಳೆ. ಅಪ್ಪ ಅವನನ್ನು ಕೊಲ್ಲಿಸಲು ಹೊರಟಾಗ ಗಂಡನನ್ನು ಕಿಟಕಿಯಿಂದ ಇಳಿಸಿ, ಹಾಸಿಗೆಯಲ್ಲಿ ಒಂದು ಬೊಂಬೆ ಮಲಗಿಸಿ, ಉಳಿಸುತ್ತಾಳೆ. ಗಂಡ ಓಡಿಹೋದ ಮೇಲೆ ಅಪ್ಪ ಅವಳನ್ನು ಬೇರೊಬ್ಬನಿಗೆ ಕೊಡುತ್ತಾನೆ. ಮುಂದೆ ಮೊದಲ ಗಂಡನೇ ರಾಜನಾಗಿ, ಅವಳನ್ನು ಕಿತ್ತು ತರಿಸಿಕೊಳ್ಳುತ್ತಾನೆ. ಎರಡನೆಯವನು ಅಳುತ್ತ ದಾರಿಯುದ್ದಕ್ಕೂ ಹಿಂದೆ ನಡೆದು ಬರುತ್ತಾನೆ, ವಾಪಸು ಹೋಗು ಎಂದು ಗದರಿಸುವವರೆಗೆ. ಅವಳು ಏನಂದಳು ಎಂದು ಯಾರೂ ಬರೆದಿಲ್ಲ. ಆಮೇಲೆ ಅವಳು ಕಾಣುವುದು ಮತ್ತೊಂದು ಕಿಟಕಿಯಲ್ಲಿ. ಕೆಳಗೆ ರಾಜ ಕುಣಿಯುತ್ತಿದ್ದಾನೆ, ಅವಳಿಗೆ ಅಸಹ್ಯವಾಗುತ್ತದೆ, ಇಬ್ಬರಿಗೂ ಮಾತಿಗೆ ಮಾತು ಬೆಳೆಯುತ್ತದೆ. ಅದರ ಬೆನ್ನಿಗೇ ಒಂದು ಒಣ ವಾಕ್ಯ: ಸಾಯುವ ದಿನದವರೆಗೂ ಅವಳಿಗೆ ಮಕ್ಕಳಾಗಲಿಲ್ಲ.

ಅದನ್ನು ಓದಲಾಗಲಿಲ್ಲ. ದುಃಖ ಎಂದಲ್ಲ. ನಾಲಗೆ ವಾಕ್ಯದ ಕೊನೆಯಲ್ಲಿ ನಿಲ್ಲುತ್ತಲೇ ಇರಲಿಲ್ಲ, ಇನ್ನೇನೋ ಸೇರಿಸಲು ಬಾಯಿ ತೆರೆದೇ ಇರುತ್ತಿತ್ತು. ಪೂರ್ಣವಿರಾಮ ಕೇಳಿಸುತ್ತಿಲ್ಲ ಎಂದು ಮೇಷ್ಟ್ರು ಬೆರಳು ನಿಲ್ಲಿಸಿದರು. ಮತ್ತೆ. ಮತ್ತೆ. ಬೆವರು ಕನ್ನಡಕದಿಂದ ಪುಟದ ಮೇಲೆ ಬಿತ್ತು.

ಹೆಡ್‌ಫೋನಿನಲ್ಲಿ ಅವರ ಧ್ವನಿ ಬಂತು. “ಏನಯ್ಯಾ, ಅವಳಿಗೆ ಮಕ್ಕಳಾಗೋವರ್ಗೂ ನಿಲ್ಲಿಸಲ್ವಾ ನೀನು?”

“ಇದೂ ಜಗಳದ ವಚನಾನಾ ಮೇಷ್ಟ್ರೇ?”

“ಹೌದು. ಹದಿನೈದು ಅಧ್ಯಾಯ ತಡಿ, ಐದು ಗಂಡುಮಕ್ಕಳು ಬರ್ತಾರೆ.”

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಕೊಂಡು ಪಟ್ಟಿ ತೋರಿಸಿದರು. ಮುಂದೊಂದು ಕಡೆ ಬರಗಾಲ ಬರುತ್ತದೆ. ಮೊದಲ ರಾಜ ಮಾಡಿದ ಅನ್ಯಾಯಕ್ಕೆ ಪರಿಹಾರವಾಗಿ ಅವನ ವಂಶದ ಏಳು ಗಂಡಸರನ್ನು ಕೊಡಿ ಎಂದು ಅನ್ಯಾಯಕ್ಕೊಳಗಾದ ಊರಿನವರು ಕೇಳುತ್ತಾರೆ. ಆಗ ಲೆಕ್ಕ ಹಾಕುವಾಗ ಬರುತ್ತದೆ: ರಾಜನ ಮಗಳು ಹೆತ್ತ ಐವರು ಮಕ್ಕಳು. ಹೆಸರು ಕಿರಿಯವಳದು, ಮಕ್ಕಳಿಲ್ಲದವಳದು. ಗಂಡನ ಹೆಸರು ಮಾತ್ರ ಅವಳ ಅಕ್ಕನ ಗಂಡನದು. ಐವರನ್ನೂ ಬೆಟ್ಟದ ಮೇಲೆ ನೇತುಹಾಕುತ್ತಾರೆ.

“ಕೊಲ್ಲಕ್ಕೆ ಬೇಕಾದಾಗ ಮಕ್ಕಳು ಸಿಕ್ಕಿಬಿಟ್ರಾ?” ಎಂದೆ.

ಮೇಷ್ಟ್ರು ಚಪಾತಿ ಮುರಿಯುತ್ತ ಸಮಾಧಾನಗಳನ್ನು ಓದಿದರು. “ಒಂದು, ನಕಲು ಬರೆಯೋನು ಕಣ್ತಪ್ಪಿ ಅಕ್ಕನ ಹೆಸರಿನ ಜಾಗದಲ್ಲಿ ತಂಗಿ ಹೆಸರು ಬರೆದ. ಎರಡು, ಅವಳಿಗೆ ಇನ್ನೊಂದು ಹೆಸರಿತ್ತು, ಎರಡು ಹೆಸರೂ ಒಬ್ಬಳದೇ. ಮೂರು, ಅಕ್ಕ ಸತ್ತಳು, ಮಕ್ಕಳನ್ನ ಇವಳು ಸಾಕಿದ್ಲು. ಸಾಕಿದವಳು ಅಂತ ತಗೊಂಡ್ರೆ ಜಗಳಾನೇ ಇಲ್ಲ ಅಂತಾರೆ.”

“ಅಲ್ವಾ ಮತ್ತೆ?”

“ಅಂತಾರೆ ಅಂದೆ. ಪುಸ್ತಕ ಹಂಗನ್ನಲ್ಲ. ಹೆತ್ತ ಅಂತಾನೇ ಇದೆ.”

ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಇಷ್ಟು ಚೆನ್ನಾಗಿ ಹೊಂದುವುದನ್ನು ಕಂಡರೆ ನನಗೆ ಗುಮಾನಿ. ಅಲ್ಲಿ ಹೆತ್ತವಳು ಅಕ್ಕ, ಸಾಕಿದವಳು ತಂಗಿ, ನಮ್ಮಲ್ಲಿ ತಿರುವುಮುರುವು. ಅಲ್ಲಿ ಹೆತ್ತವಳು ಸತ್ತಿದ್ದಳಂತೆ. ನಮ್ಮ ಚಿಕ್ಕಮ್ಮ ಕೆಂಗೇರಿಯಲ್ಲಿ ವಾಟ್ಸಾಪಿನಲ್ಲಿ ದಿನಾ ಬೆಳಿಗ್ಗೆ ಗುಲಾಬಿ ಹೂ ಕಳಿಸುತ್ತಾಳೆ. ಹೊಂದುವುದಿಲ್ಲ, ಹೊಂದುವುದಿಲ್ಲ ಎಂದು ಸಮಾಧಾನಪಟ್ಟುಕೊಂಡು ಬಸ್ಸು ಹತ್ತಿದೆ.

ಗ್ರಾಮ ಲೆಕ್ಕಿಗರ ಕಚೇರಿಯ ಗೇಟಿನ ಪಕ್ಕ ಛತ್ರಿಯ ಕೆಳಗೆ ಕೂರುವ ಅಫಿಡವಿಟ್ಟಿನವರು ನನ್ನ ಕಥೆಯನ್ನು ಪೂರ್ತಿ ಕೇಳಲಿಲ್ಲ. ಲ್ಯಾಪ್‌ಟಾಪ್ ತಿರುಗಿಸಿ, “ಎರಡು ಮಾಡೆಲ್ ಇದೆ ಸಾರ್,” ಎಂದರು. “ಒಂದು, ಈ ಎರಡು ಹೆಸರೂ ಒಬ್ಬರದೇ ಅಂತ. ಅದು ಚೆನ್ನಾಗಿ ಓಡುತ್ತೆ.”

“ಇಬ್ರೂ ಬದುಕಿದಾರೆ.”

“ಓ. ಹಂಗಾದ್ರೆ ಎರಡನೇದು. ಕಣ್ತಪ್ಪಿನಿಂದ ನಮೂದಾಗಿದೆ ಅಂತ.”

ಮೇಷ್ಟ್ರ ಪಟ್ಟಿಯ ಒಂದು ಮತ್ತು ಎರಡು. ಮೂರನೆಯದಕ್ಕೆ ಮಾಡೆಲ್ ಇದೆಯಾ ಎಂದು ಕೇಳಿದೆ, ಸಾಕಿದವಳು ಎಂದು ಹಾಕಲು. “ಅದು ದತ್ತು ಸಾರ್, ಅದು ಬೇರೆ ಡಿಪಾರ್ಟ್‌ಮೆಂಟು. ಡೀಡ್ ಇದ್ಯಾ?” ಎಂದರು. ಇರಲಿಲ್ಲ. ಎರಡನೆಯದನ್ನು ಟೈಪ್ ಮಾಡಿಸಿಕೊಂಡೆ, ಸಹಿ ಹಾಕದೆ ಮಡಿಸಿ ಜೇಬಿನಲ್ಲಿಟ್ಟುಕೊಂಡೆ. ಹಾಗೆ ಎಷ್ಟು ದಿನ ತಿರುಗಿದೆ? ಮಡಿಕೆಯ ಗೆರೆಯಲ್ಲಿ ಅಕ್ಷರ ಸವೆಯುವಷ್ಟು ದಿನ.

ಮಾವ ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದ. ಕೊನೆಗೆ ಅಮ್ಮನಿಗೇ ಹೇಳಿದ. ಅವಳು ಹುರುಳಿಕಾಯಿಯ ನಾರು ತೆಗೆಯುತ್ತ ಕೂತಿದ್ದಳು.

“ಕಣ್ತಪ್ಪು ಅಂತ ಬರ್ದು ಕೊಡೋ. ಅದಕ್ಯಾಕೆ ಇಷ್ಟು ದಿನ?”

“ಕಣ್ತಪ್ಪಾಗಿತ್ತಾ?”

“ಹೆಡ್‌ಮಾಸ್ಟ್ರು ಹೆಸರು ಹೇಳಿ ಅಂದ್ರು. ನಾನು ಹೇಳ್ದೆ.”

“ನಿನ್ನ ಹೆಸರು ಕೇಳಿದ್ರಾ, ತಾಯಿ ಹೆಸರು ಕೇಳಿದ್ರಾ?”

“ನಲವತ್ತು ವರ್ಷ ಆಯ್ತು. ನಿಂಗೆ ನಿನ್ನೆ ಸಾರು ಏನಿತ್ತು ಅಂತ ನೆನಪಿದ್ಯಾ?”

ಅವಳು ಮೂರು ನಾಲ್ಕು ಕಾಯಿ ಮುರಿದು ಪಾತ್ರೆಗೆ ಹಾಕಿದಳು.

“ಆ ಕಾಗದ ಹಂಗೇ ಇದ್ರೆ ನಾನು ನಿಮ್ಮಪ್ಪನ ಎರಡನೇ ಹೆಂಡ್ತಿ ಅಂತ ಓದ್ತಾರಂತೆ ಜನ. ಅನ್ನಿಸ್ಕೊಂಡು ಸಾಯ್ಲಾ?” ಎಂದಳು. ನಾರಿನ ರಾಶಿಯನ್ನು ಪಕ್ಕಕ್ಕೆ ಸರಿಸಿ, “ಅಕ್ಕಿ ತೊಳೆದಿಡು ಹೋಗು.”

ಇದಕ್ಕಿಂತ ಇಕ್ಕಟ್ಟಾದ ಜಾಗವನ್ನು ನಾನು ಕಂಡಿಲ್ಲ, ಪೆಟ್ಟಿಗೆಯನ್ನೂ ಸೇರಿಸಿ. ಅವಳ ಹೆಸರು ಉಳಿಸಿದರೆ ಅವಳ ಮಾನ ಹೋಗುತ್ತದೆ. ಮಾನ ಉಳಿಸಿದರೆ ಹೆಸರು ಹೋಗುತ್ತದೆ. ಅವಳೇ ದಾರಿ ತೋರಿಸಿಕೊಟ್ಟಳಲ್ಲ, ಇನ್ನೇನು, ಎಂದು ಮಾವ ಹೇಳಿದ. ನನಗೆ ದಾರಿಯ ಕೊರತೆ ಇರಲಿಲ್ಲ.

ಆ ದಿನಗಳಲ್ಲೇ ಐವರು ಮಕ್ಕಳ ಅಧ್ಯಾಯ ಬಂತು. ಪೆಟ್ಟಿಗೆಯಲ್ಲಿ ಆಗ ಪುಸ್ತಕದ ಎರಡು ಮುದ್ರಣಗಳಿದ್ದವು. ನಾವು ಓದಬೇಕಾದದ್ದು ಹಳೆಯದು. ಅದರ ಕೆಲವು ಪುಟಗಳಲ್ಲಿ ಮಸಿ ಮಂಕಾಗಿದ್ದರಿಂದ ಮೇಷ್ಟ್ರು ಒಂದು ಹೊಸ ಮುದ್ರಣವನ್ನೂ ಸ್ಟ್ಯಾಂಡಿನಲ್ಲಿಟ್ಟಿದ್ದರು, ಅಕ್ಷರ ಕಾಣದಿದ್ದರೆ ನೋಡಿಕೊಳ್ಳಲು. ಹಳೆಯದರಲ್ಲಿ ಐವರು ಮಕ್ಕಳ ತಾಯಿಯ ಜಾಗದಲ್ಲಿ ತಂಗಿಯ ಹೆಸರು. ಹೊಸದರಲ್ಲಿ ಅಕ್ಕನ ಹೆಸರು, ಕೆಳಗೆ ಚಿಕ್ಕ ಅಕ್ಷರದಲ್ಲಿ ಒಂದು ಟಿಪ್ಪಣಿ. ಹೊಸದರಲ್ಲಿ ಜಗಳವಿಲ್ಲ. ಹೆತ್ತವಳು ಹೆತ್ತಿದ್ದಾಳೆ, ಮಕ್ಕಳಿಲ್ಲದವಳಿಗೆ ಮಕ್ಕಳಿಲ್ಲ.

ನಾನು ಅಕ್ಕನ ಹೆಸರನ್ನು ಓದಿದೆ.

ಮೇಷ್ಟ್ರ ಬೆರಳು ನಿಲ್ಲಲಿಲ್ಲ. ಆ ಅಧ್ಯಾಯದಲ್ಲೇ ಮುಂದೆ ಇನ್ನೊಂದು ಜಗಳವಿದೆ: ಕುರಿ ಕಾಯುವ ಹುಡುಗ ಕವಣೆ ಕಲ್ಲಿನಿಂದ ಕೊಂದ ದೈತ್ಯನನ್ನು ಇಲ್ಲಿ ಬೇರೆ ಯಾರೋ ಕೊಲ್ಲುತ್ತಾನೆ. ಅದನ್ನು ನಾನು ಜಾರಿಸಿಬಿಡುತ್ತೇನೇನೋ ಎಂದು ಅವರ ಗಮನವೆಲ್ಲ ಅಲ್ಲಿತ್ತಂತೆ. ಕಣ್ತಪ್ಪೇ ನನ್ನದು? ಮಂಕಾದ ಮಸಿ, ಬೆವರಿದ ಕನ್ನಡಕ, ಅಕ್ಕಪಕ್ಕ ಎರಡು ಪುಸ್ತಕ, ಆಗಬಹುದು. ಬೇಕೆಂದೇ ಮಾಡಿದೆನೇ? ಅದೂ ಆಗಬಹುದು. ಅದನ್ನು ಓದಿದ ಗಳಿಗೆ ನನಗೆ ಸ್ಪಷ್ಟವಾಗಿ ನೆನಪಿದೆ, ನನ್ನ ಮನಸ್ಸಿನಲ್ಲಿ ಏನಿತ್ತೆಂಬುದು ಮಾತ್ರ ಇಲ್ಲ. ಹೆಡ್‌ಮಾಸ್ಟರ ಮುಂದೆ ನಿಂತ ಅಮ್ಮನನ್ನು ನಾನು ಏನೆಂದು ವಿಚಾರಿಸಲು ಹೊರಟಿದ್ದೆನೋ!

ತಪ್ಪು ಸಿಕ್ಕಿದ್ದು ಆಮೇಲೆ, ಮೇಷ್ಟ್ರು ಮನೆಯಲ್ಲಿ ಮತ್ತೊಮ್ಮೆ ಕೇಳುವಾಗ. “ಒಂದೇ ಒಂದು ಹೆಸರು ತಪ್ಪಿದ್ದೀಯ. ಬಂದು ಹೇಳಿ ಹೋಗು,” ಎಂದು ಫೋನ್ ಮಾಡಿದರು.

ವಾಕ್ಯ ಬೇಡ, ಆ ಹೆಸರೊಂದೇ ಸಾಕು, ಮೊದಲಿನ ಧ್ವನಿಮುದ್ರಣದಲ್ಲಿ ಕತ್ತರಿಸಿ ಅಂಟಿಸುತ್ತೇನೆ ಎಂದರು. ಸ್ಪಂಜಿನ ಗೋಡೆಗಳ ನಡುವೆ ಕೂತು ಬರೀ ಒಂದು ಹೆಸರು. ಹಿಂದೆ ಮಾತಿಲ್ಲ, ಮುಂದೆ ಮಾತಿಲ್ಲ. ಮೊದಲ ಸಲ ಕರೆದ ಹಾಗೆ ಕೇಳಿಸಿತು. ಎರಡನೆಯ ಸಲ ಹಾಜರಿ ಕೂಗಿದ ಹಾಗೆ. ಮೇಷ್ಟ್ರು ಗಾಜಿನಾಚೆ ತಲೆ ಅಲ್ಲಾಡಿಸುತ್ತಲೇ ಇದ್ದರು. ಎಷ್ಟನೆಯ ಸಲಕ್ಕೋ ಸರಿಯಾಯಿತು.

ಹೊರಗೆ ಬಂದು ಕೇಳಿದೆ. “ಅಕ್ಕನ ಹೆಸರು ಇದ್ದಿದ್ರೆ ಯಾರಿಗೂ ತೊಂದ್ರೆ ಇರ್ಲಿಲ್ಲ. ಹೊಸ ಪುಸ್ತಕದೋರೇ ಹಂಗೆ ಹಾಕಿದಾರೆ.”

“ಹೌದು. ಅವರದೇ ಸರಿ ಇರಬಹುದು.”

“ಮತ್ತೆ ಇದ್ಯಾಕೆ?”

ಅವರು ಹೆಡ್‌ಫೋನಿನ ವೈರು ಸುತ್ತುತ್ತಿದ್ದರು. “ನಮ್ ಮುಂದೆ ಇಟ್ಟಿರೋದು ಹಳೇದು ಕಣಯ್ಯ. ಅದರಲ್ಲಿ ಅವಳಿಗೆ ಮಕ್ಕಳಿಲ್ಲ ಅಂತಾನೂ ಇದೆ, ಐದು ಮಕ್ಕಳು ಅಂತಾನೂ ಇದೆ. ಇಷ್ಟು ಸಾವಿರ ವರ್ಷ ನಕಲು ಮಾಡ್ದೋರಿಗೆ ಇದು ಕಾಣ್ಲಿಲ್ಲ ಅಂದ್ಕೊಂಡಿದ್ದೀಯಾ? ಕಂಡಿರುತ್ತೆ. ಬಿಟ್ಟಿದಾರೆ. ನಾನ್ಯಾರು ತೆಗೆಯೋಕೆ?”

ಇದನ್ನು ನಾನು ಯಾವಾಗಲೂ ಕಥೆಯ ಕೊನೆಗೆ ಇಟ್ಟು ಹೇಳುತ್ತಿದ್ದೆ. ಕಾಗದದಲ್ಲಿ ಅಮ್ಮನ ಹೆಸರು ಅಳಿಸಿ ಬಂದ ಮರುದಿನ, ಪೆಟ್ಟಿಗೆಗೆ ಹೋಗಿ ಇನ್ನೊಬ್ಬ ಮಕ್ಕಳಿಲ್ಲದವಳ ಹೆಸರನ್ನು ಮತ್ತೆ ತಾಯಿಯ ಜಾಗದಲ್ಲಿ ಕೂರಿಸಿದೆ ಎಂದು. ಕೇಳಿದವರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಮೊನ್ನೆ ಮೇಷ್ಟ್ರು ಕೊಟ್ಟ ಪೆನ್‌ಡ್ರೈವ್ ತೆರೆದು ನೋಡಿದೆ. ಆ ಹೆಸರಿನ ಫೈಲು ಮಹಜರಿಗಿಂತ ಎರಡು ದಿನ ಮುಂಚಿನದು. ಅಂದರೆ ಮೇಷ್ಟ್ರ ಮಾತನ್ನೆಲ್ಲ ಕೇಳಿಸಿಕೊಂಡ ಮೇಲೆಯೇ ನಾನು ಹೋಗಿ ಸಹಿ ಹಾಕಿದ್ದು.

ಮಹಜರು ಎಂದರೆ ಗ್ರಾಮ ಲೆಕ್ಕಿಗರು ಮನೆಗೇ ಬಂದು, ಅಕ್ಕಪಕ್ಕದವರ ಎದುರು ಕೇಳಿ, ಬರೆದುಕೊಳ್ಳುವುದು. ಬೆಳಿಗ್ಗೆ ಹನ್ನೊಂದಕ್ಕೆ ಬಂದರು. ನಡುಮನೆಯ ಟೀಪಾಯಿಯ ಮೇಲೆ ಕಾಗದಗಳನ್ನು ಹರಡಿದರು. ಸೋಫಾದಲ್ಲಿ ಮಾವ, ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಇಬ್ಬರು ನೆರೆಯವರು, ಬಾಗಿಲ ಹತ್ತಿರ ಕೆಂಗೇರಿಯಿಂದ ಮೆಟ್ರೋ ಹಿಡಿದು ಬಂದ ಚಿಕ್ಕಮ್ಮ. ಅಮ್ಮ ಕಿಟಕಿಯ ಪಕ್ಕದ ಮಣೆಯ ಮೇಲೆ. ಹಸಿರು ಗ್ರಿಲ್ಲಿಗೆ ಈಗ ಕಂದು ಬಣ್ಣ.

ಚಿಕ್ಕಮ್ಮನ ಕೊಂಬೆ ಮೊದಲು ಬರೆದರು. ಮೂರು ಮಕ್ಕಳು, ಮೊದಲನೆಯ ಚೌಕದಲ್ಲಿ ನನ್ನ ಹೆಸರು. ಚಿಕ್ಕಮ್ಮ ನನ್ನ ಕಡೆ ನೋಡಲಿಲ್ಲ, ಅಕ್ಕನ ಕಡೆಯೂ ನೋಡಲಿಲ್ಲ. ನೆಲ ನೋಡಿಕೊಂಡು “ಹೂಂ” ಎಂದಳು. ಗೆದ್ದವಳ ಹಾಗೆ ಇರಲಿಲ್ಲ. ಮಾವನ ಕೊಂಬೆ ಬರೆದಾಯಿತು. ಆಮೇಲೆ ಗ್ರಾಮ ಲೆಕ್ಕಿಗರು ಪೆನ್ನು ಎತ್ತಿ ಅಮ್ಮನ ಕಡೆ ತಿರುಗಿದರು. ನಾನು ಅಷ್ಟರಲ್ಲಿ ಅಡಿಗೆಮನೆಗೆ ಹೋಗಿ ಕಾಫಿ ಸೋಸುತ್ತಿದ್ದೆ, ಎಲ್ಲ ಕೇಳಿಸುತ್ತಿತ್ತು.

“ನಿಮಗೆ ಮಕ್ಕಳು, ಅಮ್ಮಾ?”

“ಇಲ್ಲ.”

“ಯಾರೂ ಇಲ್ಲ?”

“ಇಲ್ಲ ಅಂತ ಬರ್ಕೊಳಿ ಸ್ವಾಮಿ.”

ಪೆನ್ನಿನ ಸದ್ದು ಕೇಳಿಸಿತು ಎಂದು ಬರೆಯಬೇಕೆನಿಸುತ್ತದೆ. ಅಡಿಗೆಮನೆಗೆ ಕೇಳಿಸುವುದು ಸಾಧ್ಯವಿಲ್ಲ. ಆಮೇಲೆ ನೋಡಿದೆ, ಅವಳ ಹೆಸರಿನ ಕೆಳಗೆ ಗೆರೆ ಎಳೆದು ಒಂದೇ ಪದ ಬರೆದಿದ್ದರು: ನಿಸ್ಸಂತಾನ.

“ಆಯ್ತು, ಹೊರಡ್ತೀವಿ ನಾವು,” ಎಂದು ಅವರು ಕಾಗದ ಜೋಡಿಸತೊಡಗಿದರು.

“ಇರಿ ಇರಿ,” ಎಂದಳು ಅಮ್ಮ. “ನನ್ನ ಮಗ ಕಾಫಿ ತರ್ತಾ ಇದಾನೆ.”

ನಾನು ಟ್ರೇ ಹಿಡಿದು ಬಾಗಿಲಿಗೆ ಬರುವುದಕ್ಕೂ ಈ ಮಾತಿಗೂ ಸರಿಹೋಯಿತು. ಗ್ರಾಮ ಲೆಕ್ಕಿಗರ ಕೈ ಕಾಗದದ ಮೇಲೆಯೇ ನಿಂತಿತು, ಮೇಷ್ಟ್ರ ಬೆರಳಿನ ಹಾಗೆ. ಮಾವ ಕೆಮ್ಮಿದ.

“ಏನಮ್ಮಾ, ಈಗ ತಾನೆ ಇಲ್ಲ ಅಂದ್ರಿ?”

“ಹೂಂ ಸ್ವಾಮಿ, ಇಲ್ಲ ಅಂತಾನೇ ಇರ್ಲಿ,” ಎಂದಳು ಅಮ್ಮ. “ನಿಮಗೆ ಸಕ್ಕರೆ ಎಷ್ಟು?”

ಅವರು ಒಂದು ಗಳಿಗೆ ಅವಳನ್ನೇ ನೋಡಿ, “ಒಂದು ಚಮಚ,” ಎಂದರು. ಅಳಿಸಲಿಲ್ಲ, ಸೇರಿಸಲಿಲ್ಲ. ನನ್ನ ಕಡೆಗೆ ಅಫಿಡವಿಟ್ ಚಾಚಿದರು. ಮಡಿಕೆಯಲ್ಲಿ ಸವೆದ ಅದೇ ಕಾಗದ, ಮಾವ ನನ್ನ ಜೇಬಿನಿಂದ ತೆಗೆದುಕೊಟ್ಟಿದ್ದು. “ಇದಕ್ಕೊಂದು ಸಹಿ ಬಾಕಿ ಸಾರ್.”

ಟೀಪಾಯಿಯ ಮೇಲೆ ಲೋಟ ಇಡಲು ಜಾಗವಿರಲಿಲ್ಲ. ಎರಡೂ ಕೈಯಲ್ಲಿ ಆರು ಲೋಟದ ಟ್ರೇ, ಎದುರಿಗೆ ಪೆನ್ನು. ಹಿಂದೆ ಹೋಗಲು ಬಾಗಿಲಿತ್ತು. ಯಾರೂ ಮುಚ್ಚಿರಲಿಲ್ಲ. ನಾನು ಹಾಗೆಯೇ ನಿಂತಿದ್ದೆ, ಕಾಫಿ ಕೆನೆಗಟ್ಟುವವರೆಗೆ.

ಅಮ್ಮ ಮಂಡಿಯ ಮೇಲೆ ಕೈಯೂರಿ ಎದ್ದು ಬಂದಳು. “ಕೊಡು ಇಲ್ಲಿ,” ಎಂದು ನನ್ನ ಕೈಯಿಂದ ಟ್ರೇ ತೆಗೆದುಕೊಂಡಳು. “ಹಾಕು.”

ನಾನು ಬಗ್ಗಿ ಸಹಿ ಹಾಕಿ ಮುಗಿಸುವವರೆಗೂ ಅವಳು ಟ್ರೇ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಳು.